ಪರದೇಶದಲ್ಲಿ ಆಡಿದರೆ ತಪ್ಪೇನು?

ದೇಶದ ತಂಡಕ್ಕೆ ಆಯ್ಕೆಯಾಗದ ವಾಲಿಬಾಲ್ ಆಟಗಾರ್ತಿಯು ಪರದೇಶದ ಕ್ಲಬ್ಬಿಗೆ ಹೋಗಿ ಆಡುವುದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯು ನಮ್ಮ ವಾಚಕರಲ್ಲಿ ಕೆಲವರಿಗೆ ಬರಿಯ ಹರಟೆಯ ವಿಷಯವಲ್ಲ. ಪೋರೂರಿನಲ್ಲಿಯೂ ಅದರ ನೆರೆಯ ವಳಸರವಾಕ್ಕಂ, ರಾಮಾಪುರಂಗಳಲ್ಲಿಯೂ ನೆಲೆಸಿರುವ ಹೋಟೆಲು ಕೆಲಸಗಾರರ ಹಾಗೂ ಗುಮಾಸ್ತರ ಮನೆಗಳಲ್ಲಿ ಶಾಲೆಗಾಗಿ, ಜಿಲ್ಲೆಗಾಗಿ ಆಡುವ ಹೆಣ್ಣುಮಕ್ಕಳಿದ್ದಾರೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಕಾಣದೆ ಮನೆಗೆ ಹಿಂದಿರುಗಿದ ಹುಡುಗಿಗೆ ಹಿರಿಯರು ಹೇಳುವುದು ಸಾಮಾನ್ಯವಾಗಿ ಎರಡು ಮಾತು: ರೈಲ್ವೆ ಕೆಲಸಕ್ಕೆ ಅರ್ಜಿ ಹಾಕು, ಇಲ್ಲವೆ, ಆಡಿದ್ದು ಸಾಕು, ಇನ್ನು ಮದುವೆಯ ಯೋಚನೆ ಮಾಡೋಣ. ಎಲ್ಲಿಯಾದರೂ ಪರದೇಶದಿಂದ ಕರೆ ಬಂದಿತೆಂದರೆ, ‘ನಮ್ಮ ದೇಶಕ್ಕೇ ಬೇಡವಾದವಳು ಪರದೇಶಕ್ಕೆ ಬೇಕಾದಳೆ?’ ಎಂಬ ಕುಹಕ ಬೇರೆ. ಈ ಕುಹಕದಲ್ಲಿ ಹುರುಳಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ವಾಲಿಬಾಲ್ ಅಂಕಣದಲ್ಲಿ ಒಂದು ಪಕ್ಷಕ್ಕೆ ನಿಲ್ಲುವವರು 6 ಮಂದಿ. ಒಲಿಂಪಿಕ್ ಕೂಟಕ್ಕೆ ಹೋಗುವ ತಂಡದಲ್ಲಿ ಇರತಕ್ಕವರು 12 ಮಂದಿ. ಅವರಲ್ಲಿ ಚೆಂಡನ್ನು ಎತ್ತಿಕೊಡುವ ಸೆಟ್ಟರುಗಳು ಸಾಧಾರಣವಾಗಿ ಇಬ್ಬರೇ. ಹೀಗಿರಲು ದೇಶದ ಮೂರನೆಯ ಉತ್ತಮ ಸೆಟ್ಟರ್ ಆದವಳು ಮನೆಯಲ್ಲಿಯೇ ಉಳಿಯಬೇಕು. ಅವಳಿಗಿಂತ ಕಡಿಮೆ ನುರಿತ ಹೊಡೆತಗಾರ್ತಿಯೊಬ್ಬಳು ವಿಮಾನ ಹತ್ತಬಹುದು. ಇದರಲ್ಲಿ ಅನ್ಯಾಯವೇನೂ ಇಲ್ಲ. ತಂಡದ ಅಗತ್ಯವೇ ಹಾಗೆ. ಹೋಟೆಲಿಗೆ ಒಬ್ಬ ದೋಸೆ ಭಟ್ಟರು ಸಾಕೆಂದು ಎರಡನೆಯವರನ್ನು ಇಟ್ಟುಕೊಳ್ಳದಿದ್ದರೆ, ಅವರಿಗೆ ದೋಸೆ ಹೊಯ್ಯಲು ಬಾರದೆಂದು ಯಾರಾದರೂ ಹೇಳಿಯಾರೆ? ಇದಲ್ಲದೆ ಮೊಣಕಾಲಿನ ಪೆಟ್ಟೊಂದು ಶಿಬಿರದ ವಾರದಲ್ಲಿಯೇ ಬಂದಿತೆಂದರೆ ಆ ವರ್ಷವೇ ಹೋಯಿತು. ನಮ್ಮ ಪೋರೂರಿನ ಶ್ರೀ ರಾಮಚಂದ್ರ ಆಸ್ಪತ್ರೆಯಲ್ಲಿ ಆಟಗಾರರ ಚಿಕಿತ್ಸೆಗೆಂದೇ ಒಂದು ವಿಭಾಗವಿರುವುದನ್ನು ಇಲ್ಲಿನವರು ಬಲ್ಲರು. 2015ರಲ್ಲಿ ಟ್ರಿನಿಡಾಡಿನ ಸುನಿಲ್ ನರೈನ್ ಮತ್ತು ಪಾಕಿಸ್ತಾನದ ಮಹಮ್ಮದ್ ಹಫೀಜ್ ತಮ್ಮ ಬೌಲಿಂಗ್ ಸರಿಯೇ ತಪ್ಪೇ ಎಂದು ಪರೀಕ್ಷೆಗೆ ಒಳಗಾದದ್ದೂ ಅಲ್ಲಿಯೇ. ಕೈಯ ಕೋನವನ್ನು ಅಳೆಯಲು ಯಂತ್ರವುಂಟು. ಯಾರು ದೇಶಕ್ಕೆ ಆಡತಕ್ಕವರೆಂದು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ತವರಿನಲ್ಲಿ ಸ್ಥಾನ ದೊರೆಯದೆ ಬೇರೆಡೆ ಬೆಳಗಿದವರು ಕನ್ನಡಿಗರಲ್ಲಿಯೇ ಇದ್ದಾರೆ, ವಾಲಿಬಾಲಿನವರಲ್ಲ, ಕ್ರಿಕೆಟಿನವರು. ಚಿಕ್ಕಮಗಳೂರಿನ ಕಡೆಯ ಕುಟುಂಬದ ನೊಸ್ತುಷ್ ಕೆಂಜಿಗೆ ಎಂಬ ಎಡಗೈ ಸ್ಪಿನ್ನರ್ ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿದರೂ ಕರ್ನಾಟಕದ ತಂಡವನ್ನು ಸೇರಲಾಗಲಿಲ್ಲ. 2024ರ ಜೂನ್ 6ರಂದು ಡಲ್ಲಾಸಿನಲ್ಲಿ ಅಮೆರಿಕವು ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಮಣಿಸಿದ ವಿಶ್ವಕಪ್ ಪಂದ್ಯದಲ್ಲಿ 30 ರನ್ನಿಗೆ 3 ವಿಕೆಟ್ ತೆಗೆದವರು ಇವರೇ. ಬೆಂಗಳೂರಿನಲ್ಲಿ ಹುಟ್ಟಿದ ಸಿಂಧು ಶ್ರೀಹರ್ಷ ಎಂಬವರು 2019ರಲ್ಲಿ ಅಮೆರಿಕದ ಮಹಿಳಾ ತಂಡದ ನಾಯಕಿಯಾಗಿ ಆಡಿದರು. ಈ ಸುದ್ದಿಗಳನ್ನು ಓದಿ ನಾವೆಲ್ಲರೂ ಹಿಗ್ಗಿದೆವು. ದೇಶದ್ರೋಹವೆಂದು ಯಾರೂ ಹಲುಬಲಿಲ್ಲ. ಆದರೆ ಕೆಂಜಿಗೆಯವರು ಅಲಬಾಮದಲ್ಲಿ ಹುಟ್ಟಿದವರು, ಅಮೆರಿಕದ ಬಾಗಿಲು ಅವರಿಗೆ ಜನ್ಮದಿಂದಲೇ ತೆರೆದಿತ್ತು ಎಂಬುದನ್ನು ಮರೆಯಬಾರದು. ಪೋರೂರಿನ ಗುಮಾಸ್ತರ ಮಗಳಿಗೆ ಆ ಭಾಗ್ಯವಿಲ್ಲ.

ಅವಳಿಗೆ ಆ ಭಾಗ್ಯದ ಅವಶ್ಯಕತೆಯೂ ಇಲ್ಲ! ಜನರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಪರದೇಶದ ಪರವಾಗಿ ಆಡುವುದು ಒಂದು. ಪರದೇಶದ ಕ್ಲಬ್ಬಿಗೆ ಆಡುವುದು ಮತ್ತೊಂದು. ವಾಲಿಬಾಲಿನಲ್ಲಿ ಇಟಲಿಯ ಕ್ಲಬ್ಬಿಗೆ ಆಡಿದವಳು ಇಟಲಿಯವಳಾಗುವುದಿಲ್ಲ. ಅವಳು ಭಾರತದವಳಾಗಿಯೇ ಉಳಿದು, ಮರುವರ್ಷ ಆಯ್ಕೆಯಾದರೆ ಭಾರತಕ್ಕೇ ಆಡಬಹುದು. ಇದಕ್ಕೆ ಜಿಮ್ಮಿ ಜಾರ್ಜ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ 1955ರಲ್ಲಿ ಹುಟ್ಟಿದ ಈ ಮಹಾಶಯರು 1976ರಲ್ಲಿ, ಇನ್ನೂ 21ರ ಪ್ರಾಯದಲ್ಲಿ, ಅರ್ಜುನ ಪ್ರಶಸ್ತಿ ಪಡೆದರು. 1979ರಿಂದ ಅಬುಧಾಬಿಯಲ್ಲಿ, 1982ರಿಂದ ಇಟಲಿಯಲ್ಲಿ ಹಣ ಪಡೆದು ಆಡಿದರು. ಇವರನ್ನು ಯಾರೂ ತಂಡದಿಂದ ಕೈಬಿಟ್ಟಿರಲಿಲ್ಲ, ನಿಜ. ಆದರೆ ಪರದೇಶದಲ್ಲಿ ಆಡಿದವರಿಗೆ ಸ್ವದೇಶದ ಬಾಗಿಲು ಮುಚ್ಚುವುದಿಲ್ಲವೆಂಬುದನ್ನು ತೋರಿಸಿಕೊಟ್ಟವರು ಇವರು. 1986ರಲ್ಲಿ ಸೋಲ್ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಕಂಚಿನ ಪದಕ ಗೆದ್ದಾಗ ಆ ತಂಡದಲ್ಲಿ ಜಿಮ್ಮಿ ಇದ್ದರು. ಇಟಲಿಯಲ್ಲಿ ಅವರು ಕಲಿತದ್ದು ಭಾರತದ ಖಾತೆಗೇ ಜಮೆಯಾಯಿತಷ್ಟೆ? ಮರುವರ್ಷ ನವೆಂಬರ್ 30ರಂದು ಇಟಲಿಯಲ್ಲಿಯೇ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಕೇವಲ 32. ಆ ಕಂಚಿನ ತರುವಾಯ ಏಷ್ಯನ್ ಕೂಟದ ವಾಲಿಬಾಲಿನಲ್ಲಿ ಭಾರತಕ್ಕೆ ಪದಕ ಬಂದಿಲ್ಲ. ಮಹಿಳೆಯರಿಗಂತೂ ಒಮ್ಮೆಯೂ ಬಂದಿಲ್ಲ.

ಪೂರ್ವದ ನೆರೆಯವರು ಇದನ್ನು ನಮಗಿಂತ ಬೇಗ ಅರಿತುಕೊಂಡರು. ಥಾಯ್ಲೆಂಡಿನ ಹೆಣ್ಣುಮಕ್ಕಳು ಎತ್ತರದಲ್ಲಿ ಚೀನೀಯರಿಗೆ ಸಮನಲ್ಲ. ಆದರೂ 2009, 2013, 2023ರಲ್ಲಿ ಏಷ್ಯಾ ಚಾಂಪಿಯನ್ನರಾದರು. ಅವರ ಸೆಟ್ಟರ್ ನೂಟ್ಸರ ಟೊಮ್‌ಕೊಂ ಅಜೆರ್‌ಬೈಜಾನ್, ಸ್ವಿಟ್ಜರ್ಲೆಂಡ್, ತುರ್ಕಿಗಳ ಕ್ಲಬ್ಬುಗಳಲ್ಲಿ ಆಡಿ ಪಳಗಿದವರು. ದಕ್ಷಿಣ ಕೊರಿಯಾದ ಕಿಂ ಯೋನ್‌ಕುಂಗ್ 2011ರಲ್ಲಿ ತುರ್ಕಿಯ ಫೆನರ್‌ಬಾಚೆ ಕ್ಲಬ್ಬಿಗೆ ಹೋದರು. ಮರುವರ್ಷದ ಲಂಡನ್ ಒಲಿಂಪಿಕ್ಸಿನಲ್ಲಿ ಅವರ ದೇಶ ನಾಲ್ಕನೆಯ ಸ್ಥಾನದಲ್ಲಿ ನಿಂತರೂ ಕೂಟದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಅವರಿಗೇ ಸಂದಿತು. ಅಮೆರಿಕದಂತಹ ಸಂಪನ್ನ ರಾಷ್ಟ್ರದ ಆಟಗಾರ್ತಿಯರು ಸಹ ತಮ್ಮ ದೇಶದಲ್ಲಿ ವೃತ್ತಿಪರ ಲೀಗು ನೆಲೆಗೊಳ್ಳದಿದ್ದ ದಶಕಗಳಲ್ಲಿ ಇಟಲಿ, ತುರ್ಕಿಗಳಿಗೆ ಹೋಗಿಯೇ ಹೊಟ್ಟೆ ಹೊರೆದುಕೊಂಡರು. ಅವರಲ್ಲಿ ರಾಷ್ಟ್ರೀಯ ತಂಡದವರೂ ಇದ್ದರು, ಆ ತಂಡವನ್ನು ಎಂದೂ ಮುಟ್ಟದವರೂ ಇದ್ದರು.

ನಮ್ಮಲ್ಲಿ ಹೆಣ್ಣುಮಗಳಿಗೆ ಇರುವ ಗತಿಯೇನು? ಗಂಡಸರಿಗೆ 2022ರಿಂದ ಪ್ರೈಮ್ ವಾಲಿಬಾಲ್ ಲೀಗು ನಡೆಯುತ್ತಿದೆ. 2025ರಲ್ಲಿ ಬೆಂಗಳೂರಿನ ತಂಡವು ಅದನ್ನು ಗೆದ್ದಾಗ ನಮ್ಮವರು ಸಿಹಿ ಹಂಚಿದ್ದುಂಟು. ರಾಷ್ಟ್ರೀಯ ತಂಡಕ್ಕೆ ಸೇರದ ಹುಡುಗನೂ ಆ ಲೀಗಿನಲ್ಲಿ ಪರದೇಶದವರ ಪಕ್ಕದಲ್ಲಿ ಆಡಿ ನಾಲ್ಕು ಕಾಸು ಕಾಣುತ್ತಾನೆ. ಆದರೆ ಆ ನಾಲ್ಕು ಆವೃತ್ತಿಗಳೂ ಪುರುಷರವೇ. ಕ್ರಿಕೆಟಿನಲ್ಲಿ ಮಹಿಳೆಯರಿಗೆ 2023ರಲ್ಲಿ ಪ್ರೀಮಿಯರ್ ಲೀಗು ಬಂದಿತು. ವಾಲಿಬಾಲಿನ ಹುಡುಗಿಗೆ ಅದರ ನೆರಳೂ ಇಲ್ಲ. ಅವಳ ಪಾಲಿಗೆ ಉಳಿದಿರುವುದು ರೈಲ್ವೆ, ಪೊಲೀಸು, ವಿದ್ಯುತ್ ಮಂಡಳಿಗಳ ಕ್ರೀಡಾ ಕೋಟಾದ ನೌಕರಿ. ಅದನ್ನು ನಾವು ಹಗುರಾಗಿ ಕಾಣುವವರಲ್ಲ. ತಿಂಗಳ ಸಂಬಳ, ವೈದ್ಯಕೀಯ ಸೌಲಭ್ಯ, ಮುಪ್ಪಿನ ಕಾಲಕ್ಕೆ ಒಂದಿಷ್ಟು ಆಧಾರ, ಇವುಗಳ ಬೆಲೆ ದಿನಗೂಲಿಯ ಮನೆಯವರಿಗೆ ಗೊತ್ತು. ಆದರೆ ನೌಕರಿಯು ಹೊಟ್ಟೆಗೆ ಆಧಾರವೇ ಹೊರತು ಆಟದ ಬೆಳವಣಿಗೆಗೆ ಆಧಾರವಲ್ಲ. ವರುಷಕ್ಕೆ ಕೆಲವೇ ಪಂದ್ಯಾವಳಿಗಳು, ಅವೇ ಎದುರಾಳಿಗಳು, ಅದೇ ಆಟ.

ಆಡಳಿತದವರ ಜಗಳಗಳನ್ನು ಹೇಳಹೊರಟರೆ ಈ ಪುಟ ಸಾಲದು. 2016ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು ಭಾರತದ ಫೆಡರೇಷನ್ನನ್ನೇ ಅಮಾನತುಗೊಳಿಸಿತು. 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಳಾಂಗಣ ವಾಲಿಬಾಲನ್ನೇ ಕೈಬಿಟ್ಟರು. ಕುರ್ಚಿಗಾಗಿ ಹಿರಿಯರು ಕಾದಾಡಿದಾಗ ವಯಸ್ಸು ಕಳೆಯುವುದು ಆಟಗಾರ್ತಿಯದು. ಹದಿನೆಂಟರಿಂದ ಇಪ್ಪತ್ತೆಂಟು, ಹೆಚ್ಚೆಂದರೆ ಮೂವತ್ತು. ಅಷ್ಟರೊಳಗೆ ಅವಳು ಆಡಬೇಕಾದದ್ದನ್ನೆಲ್ಲ ಆಡಿ ಮುಗಿಸಬೇಕು.

ಪರದೇಶಕ್ಕೆ ಹೋಗುವವಳಿಗೆ ಅಂತಾರಾಷ್ಟ್ರೀಯ ವರ್ಗಾವಣೆ ಪತ್ರವೊಂದು ಬೇಕು. ಅದಕ್ಕೆ ತವರು ದೇಶದ ಫೆಡರೇಷನ್ನಿನ ಒಪ್ಪಿಗೆ ಬೇಕು. ಜಗಳದ ಮನೆಯಲ್ಲಿ ಒಪ್ಪಿಗೆಯ ಸಹಿ ಮಾಡುವವರಾರು? ಆದರೆ ಫೆಡರೇಷನ್ನಿನ ನಿರಾಕರಣೆಯೇ ಕಡೆಯ ಮಾತಲ್ಲ. ಕೊರಿಯಾದ ಅವಳಿ ಸೋದರಿಯರಾದ ಲೀ ಜೇಯೊಂಗ್, ಲೀ ದಾಯೊಂಗ್ ಅವರನ್ನು ಶಾಲಾದಿನಗಳಲ್ಲಿ ಸಹಪಾಠಿಗಳನ್ನು ಪೀಡಿಸಿದ ಆರೋಪದ ಮೇಲೆ 2021ರಲ್ಲಿ ರಾಷ್ಟ್ರೀಯ ತಂಡದಿಂದ ಹೊರಗಿಟ್ಟರು. ಅವರು ಗ್ರೀಸಿನ ಕ್ಲಬ್ಬಿಗೆ ಹೊರಟಾಗ ಅಲ್ಲಿನ ಫೆಡರೇಷನ್ ಪತ್ರ ಕೊಡಲೊಲ್ಲದು. ಆಗ ಅಂತಾರಾಷ್ಟ್ರೀಯ ಒಕ್ಕೂಟವೇ ನೇರವಾಗಿ ಅನುಮತಿಯಿತ್ತಿತು. ಆ ಸೋದರಿಯರ ನಡತೆಯನ್ನು ನಾವು ಸಮರ್ಥಿಸುತ್ತಿಲ್ಲ. ಅಪವಾದ ಹೊತ್ತವರಿಗೇ ಆ ದಾರಿ ದೊರೆತಿರುವಾಗ, ಯಾವ ತಪ್ಪನ್ನೂ ಮಾಡದೆ ಹದಿಮೂರನೆಯವಳಾಗಿ ಉಳಿದ ನಮ್ಮ ಹುಡುಗಿಗೆ ದಾರಿ ಕಟ್ಟುವುದು ಯಾವ ನ್ಯಾಯ?

ಕ್ರಿಕೆಟ್ ಮಂಡಳಿಯ ನೀತಿಯನ್ನು ಇಲ್ಲಿ ಹೋಲಿಸಿ ನೋಡಬಹುದು. ಗಂಡಸರು ಪರದೇಶದ ಟ್ವೆಂಟಿ-20 ಲೀಗುಗಳಲ್ಲಿ ಆಡಬೇಕಾದರೆ ಭಾರತದ ಆಟಕ್ಕೆ ಶರಣು ಹೊಡೆದು ನಿವೃತ್ತರಾಗಬೇಕು. 2012ರಲ್ಲಿ ಕಿರಿಯರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಉನ್ಮುಕ್ತ್ ಚಂದ್, ಹಿರಿಯರ ತಂಡಕ್ಕೆ ಒಮ್ಮೆಯೂ ಕರೆ ಬಾರದೆ, 2021ರಲ್ಲಿ ಹಾಗೆಯೇ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಅದೇ ಮಂಡಳಿಯು ಮಹಿಳೆಯರಿಗೆ ಮಾತ್ರ ಅನುಮತಿ ಕೊಡುತ್ತದೆ: 2016ರಲ್ಲಿ ಹರ್ಮನ್‌ಪ್ರೀತ್ ಕೌರ್ ಸಿಡ್ನಿಯ ತಂಡವನ್ನು ಸೇರಿದರು, ಆಡಿದರು, ಭಾರತದ ನಾಯಕಿಯೂ ಆದರು. ಅನುಮತಿ ಕೊಟ್ಟದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಕಡಂದಲೆಯ ಕೃಷ್ಣರಾಯರು ಊರು ಬಿಟ್ಟು ಮದರಾಸಿಗೆ ಬಂದು ಅಡಿಗೆಮನೆಯ ಚಾಕರಿಯಿಂದ ತೊಡಗಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದಾಗ, ಊರಿನವರು ಅವರನ್ನು ಊರಿಗೆ ಬೇಡವಾದವರೆಂದು ಕರೆಯಲಿಲ್ಲ. ನಾವು, ನೀವು ಇಲ್ಲಿ ತಟ್ಟೆ ತೊಳೆದು, ಗಲ್ಲಾದ ಮುಂದೆ ಕುಳಿತು, ಲೆಕ್ಕ ಬರೆದು ಊರಿಗೆ ಹಣ ಕಳುಹಿಸಿದವರು. ದುಡಿಮೆಗಾಗಿ ಊರು ದಾಟಿದವರ ಮಕ್ಕಳು ಆಟಕ್ಕಾಗಿ ಕಡಲು ದಾಟಿದರೆ ಮೊದಲು ಹುಬ್ಬೇರಿಸಬೇಕಾದವರು ನಾವಲ್ಲ.

ಹಾಗೆಂದು ಕಣ್ಣು ಮುಚ್ಚಿ ಹೊರಡಬೇಕೆಂದು ನಾವು ಹೇಳುವುದಿಲ್ಲ. ಗಲ್ಫಿಗೆ ಹೋದ ನಮ್ಮ ಮಾಣಿಗಳು ಏಜೆಂಟರ ಕೈಯಲ್ಲಿ ಪಟ್ಟ ಪಾಡು ಯಾರಿಗೆ ತಿಳಿಯದು? ಆಟದಲ್ಲಿಯೂ ಏಜೆಂಟರಿದ್ದಾರೆ. ಸಣ್ಣ ಲೀಗುಗಳಲ್ಲಿ ಊಟ, ವಸತಿ ಮತ್ತು ಕೈಖರ್ಚಿಗಿಂತ ಹೆಚ್ಚು ಸಿಕ್ಕದಿರಬಹುದು. ಕರಾರು ಬರಹದಲ್ಲಿರಬೇಕು, ಪೆಟ್ಟಾದರೆ ಚಿಕಿತ್ಸೆಯ ವೆಚ್ಚ ಯಾರದೆಂದು ಅದರಲ್ಲಿಯೇ ಕಾಣಿಸಿರಬೇಕು, ಹಿಂದಿರುಗುವ ಟಿಕೇಟು ಯಾರು ಕೊಡುವರೆಂಬುದೂ ಇರಬೇಕು, ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸತಕ್ಕದ್ದಲ್ಲ. ನೌಕರಿಯಲ್ಲಿರುವವಳು ರಾಜೀನಾಮೆಯ ಮಾತನ್ನೇ ಎತ್ತದೆ, ಸಂಬಳವಿಲ್ಲದ ರಜೆಯನ್ನು ಬರಹದಲ್ಲಿ ಕೇಳಬೇಕು. ಇಲಾಖೆಗಳು ಉನ್ನತ ವ್ಯಾಸಂಗಕ್ಕೆ ರಜೆ ಕೊಡುವುದುಂಟು. ಆಟಗಾರ್ತಿಗೆ ಆಟವೇ ವ್ಯಾಸಂಗವೆಂದು ಒಪ್ಪಿ, ಒಂದು ಋತುವಿನ ಮಟ್ಟಿಗೆ ಅವಳನ್ನು ಬಿಟ್ಟುಕೊಡಲು ರೈಲ್ವೆ ಮಂಡಳಿಯೂ ರಾಜ್ಯ ಸರ್ಕಾರಗಳೂ ಸ್ಪಷ್ಟವಾದ ನಿಯಮವನ್ನು ಮಾಡಬೇಕು. ಯೂರೋಪಿನ ಲೀಗುಗಳು ಸಾಧಾರಣವಾಗಿ ಅಕ್ಟೋಬರಿನಲ್ಲಿ ಆರಂಭವಾಗಿ ವಸಂತಕಾಲದಲ್ಲಿ ಮುಗಿಯುತ್ತವೆ. ಕ್ಲಬ್ಬುಗಳು ಆಟಗಾರ್ತಿಯರನ್ನು ಗೊತ್ತುಮಾಡಿಕೊಳ್ಳುವುದು ಅದಕ್ಕೆ ಮುಂಚಿನ ಬೇಸಿಗೆಯಲ್ಲಿ. ರಜೆಯ ಅರ್ಜಿಯೂ, ಫೆಡರೇಷನ್ನಿಗೆ ಪತ್ರವೂ ಅಷ್ಟರೊಳಗೆ ಹೋಗಿರಬೇಕು.