ಮೊದಲು ನೀರು ಸಾಕೋಣ, ಆಮೇಲೆ ಮೀನು

ಅಕ್ವೇರಿಯಂನಲ್ಲಿ ಮೀನು ಸತ್ತರೆ ಹೇಳುವ ಸಮಾಧಾನದ ಮಾತೊಂದಿದೆ: "ಹೋಗಲಿ ಬಿಡಿ, ಮನೆಗೆ ಬರಬೇಕಾಗಿದ್ದ ಕಂಟಕ ಮೀನಿನ ಮೇಲೆ ಹೋಯಿತು." ಚೆನ್ನೈನ ನಮ್ಮ ಬಾಡಿಗೆ ಮನೆಯಲ್ಲಿ ಆರು ಡಿಸ್ಕಸ್ ಮೀನುಗಳು ಒಂದೊಂದಾಗಿ ಸತ್ತಾಗ ಈ ಮಾತನ್ನು ಮೂರು ಸಲ ಕೇಳಿದೆ. ಪಕ್ಕದ ಮನೆಯವರು ಹೇಳಿದರು, ಊರಿಂದ ಫೋನ್ ಮಾಡಿದ ಅತ್ತೆ ಹೇಳಿದರು, ಕೊನೆಗೆ ಮೀನು ಮಾರಿದವನೂ ಹೇಳಿದ. ಮೊದಲಿನ ಇಬ್ಬರದು ಪ್ರೀತಿ. ಮೂರನೆಯವನದು ವ್ಯಾಪಾರ, ಹಾಗೆ ಹೇಳಿದ ಮೇಲೆ ಇನ್ನಾರು ಮೀನು ಕೊಂಡುಹೋಗಲು ನನಗೇನೂ ಅಡ್ಡಿ ಇರಬಾರದಲ್ಲ!

ನಮ್ಮ ಮನೆಗೆ ಯಾವ ಕಂಟಕವೂ ಬರುತ್ತಿರಲಿಲ್ಲ. ಆ ಮೀನುಗಳಿಗೆ ಬಂದ ಕಂಟಕ ನಾವೇ.

ನಾನು ಮಾಡಿದ್ದು ಇಷ್ಟು. ಶನಿವಾರ ಬೆಳಿಗ್ಗೆ ಗಾಜಿನ ತೊಟ್ಟಿ ಬಂತು, ಮಧ್ಯಾಹ್ನ ನೀರು ತುಂಬಿಸಿದೆ, ಸಂಜೆ ಮೀನು ಬಿಟ್ಟೆ. ಅಂಗಡಿಯವನು ಸಣ್ಣ ಬಾಟಲಿಯೊಂದನ್ನು ಕೊಟ್ಟು "ಹತ್ತು ಹನಿ ಹಾಕಿ, ಸಾಕು" ಎಂದಿದ್ದ. ಎರಡು ದಿನ ಎಲ್ಲ ಚೆನ್ನಾಗಿತ್ತು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಮೆಚ್ಚುಗೆಯನ್ನೂ ಗಳಿಸಿದೆ. ನಾಲ್ಕನೇ ದಿನ ಮೀನುಗಳ ಮೈ ಕಪ್ಪಿಡತೊಡಗಿತು. ಆರೂ ಒಂದೇ ಮೂಲೆಗೆ ಸೇರಿ, ನಮಗೆ ಬೆನ್ನು ಹಾಕಿ ನಿಂತವು, ಊಟ ಬಿಟ್ಟವು. ಆರನೇ ದಿನ ಮೊದಲನೆಯದು ಹೋಯಿತು, ಹನ್ನೊಂದನೇ ದಿನ ಕೊನೆಯದು. ಮಗಳು ತೊಟ್ಟಿಯ ಮುಂದೆ ಕೂತು ಕೇಳಿದಳು: "ಅಪ್ಪಾ, ನೀರು ಕ್ಲೀನಾಗೇ ಇದೆಯಲ್ಲಾ?"

ಇತ್ತು. ತೊಟ್ಟಿಯ ಹಿಂದಿದ್ದ ಕ್ಯಾಲೆಂಡರ್‌ನ ತಾರೀಖು ಓದಬಹುದಾದಷ್ಟು ತಿಳಿಯಾಗಿತ್ತು. ಆಮೇಲೆ ಟೆಸ್ಟ್ ಕಿಟ್ ತಂದು ನೋಡಿದಾಗ ಆ ತಿಳಿನೀರಿನಲ್ಲಿ ಅಮೋನಿಯಾ ತುಂಬಿತ್ತು. ಕಿಟ್ಟನ್ನು ಮೀನಿಗಿಂತ ಮೊದಲು ತರಬೇಕಿತ್ತು. ಮೀನು ಸತ್ತ ಮೇಲೆ ತಂದೆ.

ನಾನು ಈಗ ವಾದಿಸಹೊರಟಿರುವುದು ಒಂದೇ ವಿಷಯ. ಹೊಸ ತೊಟ್ಟಿಗೆ ಅದೇ ದಿನ ಮೀನು ಬಿಡುವುದು ಕ್ರೌರ್ಯ. ಅದನ್ನು ಹವ್ಯಾಸ, ವಾಸ್ತು, ಮಕ್ಕಳ ಖುಷಿ ಎಂದು ಯಾವ ಹೆಸರಿನಿಂದ ಕರೆದರೂ ಅದು ಕ್ರೌರ್ಯವೇ. ಮೀನಿಲ್ಲದ ತೊಟ್ಟಿಯನ್ನು ಆರು ವಾರ ನೋಡುತ್ತ ಕೂರುವ ತಾಳ್ಮೆ ಇಲ್ಲದವರು ಡಿಸ್ಕಸ್ ತರಬಾರದು.

ಆರು ವಾರ ಏಕೆ? ಮೀನು ತಾನಿರುವ ನೀರಲ್ಲೇ ಉಸಿರಾಡುತ್ತದೆ, ಅದರಲ್ಲೇ ವಿಸರ್ಜಿಸುತ್ತದೆ. ಕಿವಿರುಗಳ ಮೂಲಕ ಸದಾ ಅಮೋನಿಯಾ ಹೊರಬರುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತು ಇನ್ನಷ್ಟು ಸೇರುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿಂದು ನೈಟ್ರೈಟ್ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಬೇಕು. ನೈಟ್ರೈಟ್ ಕೂಡ ವಿಷವೇ. ಮೀನಿನ ರಕ್ತ ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸಲು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬೇಕು. ಇವು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ, ಗಾಜಿನ ಮೇಲೆ ಮನೆ ಮಾಡಿಕೊಂಡು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ.

ನಮ್ಮ ಅಡುಗೆಮನೆಯ ಮಟ್ಟಿಗೆ ಇದು ಹೊಸ ವಿದ್ಯೆಯೇನಲ್ಲ. ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಅಲ್ಲಾಡಿಸದೆ ಬಿಡುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಹೆಪ್ಪು ಹಾಕಿದ ಗಳಿಗೆಯಲ್ಲೇ ಮೊಸರು ಬಡಿಸು ಎಂದು ಯಾರೂ ಕೇಳುವುದಿಲ್ಲ. ತೊಟ್ಟಿಗೂ ಹಾಗೆಯೇ ಹೆಪ್ಪು ಹಾಕಬೇಕು. ಫಿಲ್ಟರ್, ಹೀಟರ್ ಚಾಲೂ ಮಾಡಿ, ಮೀನಿಲ್ಲದ ನೀರಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬನ್ನಿ. ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುತ್ತ ನೈಟ್ರೈಟ್ ಏರುತ್ತದೆ, ಅದೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಆಹಾರ ಹಾಕುತ್ತಲೇ ಇದ್ದರೂ ಮೊದಲಿನ ಎರಡೂ ಸೊನ್ನೆಯಲ್ಲೇ ನಿಂತವೆಂದರೆ ನೀರು ಹದವಾಗಿದೆ. ಆರೋಗ್ಯವಾದ ತೊಟ್ಟಿ ಇರುವ ಗೆಳೆಯರಿಂದ ಹಳೆಯ ಫಿಲ್ಟರಿನ ಒಂದು ತುಂಡು ಸ್ಪಂಜು ತಂದು ಹಾಕಿದರೆ ಬೇಗ ಹದಕ್ಕೆ ಬರುತ್ತದೆ. ಅದೇ ನಿಜವಾದ ಹೆಪ್ಪು. ಇಷ್ಟೆಲ್ಲ ಆದ ಮೇಲೆ ಫಿಲ್ಟರನ್ನು ನಲ್ಲಿಯ ಕ್ಲೋರಿನ್ ನೀರಲ್ಲಿ ಉಜ್ಜಿ ತೊಳೆದರೆ ಹೆಪ್ಪನ್ನು ಬಚ್ಚಲಿಗೆ ಸುರಿದಂತೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಅದನ್ನು ಜಾಲಿಸಬೇಕು.

"ಡಿಸ್ಕಸ್ ತುಂಬ ನಾಜೂಕು ಸಾರ್, ಎಷ್ಟು ಮಾಡಿದರೂ ಸಾಯುತ್ತೆ" ಎನ್ನುವುದು ಎರಡನೆಯ ಸಮಾಧಾನ. ಇದನ್ನೂ ನಾನು ಒಪ್ಪುವುದಿಲ್ಲ. ವಿಯೆನ್ನಾದ ಹೆಕೆಲ್ 1840ರಲ್ಲಿ ಈ ಮೀನಿಗೆ ವೈಜ್ಞಾನಿಕ ಹೆಸರಿಟ್ಟ. ಮೈ ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿರುವುದರಿಂದ ಡಿಸ್ಕಸ್. ಅದರ ತವರು ಅಮೆಜಾನ್ ಮತ್ತು ಅದರ ಉಪನದಿಗಳ ನಿಧಾನಗತಿಯ ನೀರು. ಅಲ್ಲಿ ಮುಳುಗಿದ ಮರದ ಕೊಂಬೆ, ಬೇರುಗಳ ಸಂದಿಯಲ್ಲಿ ಗುಂಪು ಕಟ್ಟಿ ಬದುಕುತ್ತದೆ. ರಿಯೊ ನೀಗ್ರೊದ ನೀರಂತೂ ಕೊಳೆತ ಎಲೆಗಳಿಂದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಲವಣ ತೀರ ಕಡಿಮೆ. ಇಂಥ ಕಡೆಯಿಂದ ಬಂದ ಮೀನಿಗೆ ಬೇಕಾದದ್ದು ಬೆಚ್ಚಗಿನ, ಮೆದು, ಏರುಪೇರಿಲ್ಲದ ನೀರು ಮತ್ತು ತನ್ನವರ ಜೊತೆ. ಒಂಟಿ ಡಿಸ್ಕಸ್ ಹೆದರುತ್ತದೆ. ಎರಡೋ ಮೂರೋ ಇದ್ದರೆ ಬಲವಾದದ್ದು ಉಳಿದವನ್ನು ಕಾಡುತ್ತದೆ. ಕನಿಷ್ಠ ಐದಾರು ಇರಬೇಕು.

ಈ ಮೀನಿನ ಇನ್ನೊಂದು ಸಂಗತಿ ಗೊತ್ತಾದಾಗ ನನ್ನ ನಾಚಿಕೆ ಹೆಚ್ಚಾಯಿತು. ಮೊಟ್ಟೆಯೊಡೆದು ಈಜಲು ಕಲಿತ ಮರಿಗಳಿಗೆ ಮೊದಲ ಕೆಲವು ವಾರ ತಂದೆ ತಾಯಿಯ ಮೈಮೇಲೆ ಊರುವ ಲೋಳೆಯೇ ಊಟ. ಅಪ್ಪ ಸುಸ್ತಾದರೆ ಅಮ್ಮನ ಮೈಗೆ, ಅಮ್ಮ ಸುಸ್ತಾದರೆ ಅಪ್ಪನ ಮೈಗೆ ಮರಿಗಳ ಹಿಂಡು ದಾಟುತ್ತದೆ. ಇಷ್ಟು ಸಂಸಾರವಂತ ಜೀವಿಯನ್ನು ಸೋಫಾದ ಬಣ್ಣಕ್ಕೆ ಹೊಂದುತ್ತದೆಂದು ಆರಿಸಿ ತಂದು ಹನ್ನೊಂದು ದಿನದಲ್ಲಿ ಮುಗಿಸಿ, "ನಾಜೂಕು" ಎಂದು ಅದರ ಮೇಲೆಯೇ ತಪ್ಪು ಹೊರಿಸುವುದೇ?

ಹಾಗಾದರೆ ಅದಕ್ಕೆ ನೆಮ್ಮದಿಯ ಮನೆ ಎಂದರೇನು? ದೊಡ್ಡದಾದ ಡಿಸ್ಕಸ್ 15 ಸೆಂಟಿಮೀಟರ್ ದಾಟುತ್ತದೆ, ಮೈ ಎತ್ತರವೂ ಹೆಚ್ಚು. ಒಂದಕ್ಕೆ ಸುಮಾರು 40 ಲೀಟರ್ ಎಂದು ಲೆಕ್ಕ ಹಿಡಿದರೆ ಆರಕ್ಕೆ 240 ಲೀಟರ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಅಂಚಿನವರೆಗೆ ಸುಮಾರು 340 ಲೀಟರ್ ಹಿಡಿಯುತ್ತದೆ. ಅಂದರೆ ನೀರೇ 340 ಕಿಲೋ. ಗಾಜು, ಸ್ಟ್ಯಾಂಡ್ ಸೇರಿದರೆ 400 ಮೀರುತ್ತದೆ. ಟಿವಿ ಇಡುವ ಮೇಜಿನ ಮೇಲೆ ಇದನ್ನು ಕೂರಿಸುವಂತಿಲ್ಲ. ಗಟ್ಟಿ ಸ್ಟ್ಯಾಂಡ್, ಮಟ್ಟಸವಾದ ನೆಲ, ಗೋಡೆಯ ಪಕ್ಕದ ಜಾಗ ಬೇಕು. ಕಿಟಕಿಯ ಬಿಸಿಲು ನೇರ ಬೀಳಬಾರದು.

ನೀರಿನ ಬಿಸಿ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಚೆನ್ನೈನ ಮೇ ತಿಂಗಳಲ್ಲಿ ಹೀಟರ್ ಕೆಲಸವಿಲ್ಲದೆ ಕೂರುತ್ತದೆ. ದೆಹಲಿಯ ಜನವರಿಯಲ್ಲಿ ಅದು ಕೈಕೊಟ್ಟರೆ ಒಂದು ರಾತ್ರಿಯಲ್ಲಿ ಎಲ್ಲ ಮುಗಿಯುತ್ತದೆ. ಆದ್ದರಿಂದ 300 ವ್ಯಾಟ್‌ನ ಒಂದರ ಬದಲು 150ರ ಎರಡು ಹೀಟರ್ ಹಾಕಿ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಒಂದು ಆಫ್ ಆಗದೆ ಸಿಕ್ಕಿಕೊಂಡರೂ ಮೀನು ಬೇಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಹಾಗಾಗಿ ಗಾಳಿಯ ಪಂಪು ಬೇಕೇ ಬೇಕು. ಕರೆಂಟು ಹೋದಾಗಿನ ಪಾಡಿಗೆ ಬ್ಯಾಟರಿಯದೊಂದು ಇರಲಿ.

ಸುರಕ್ಷತೆ ಎಂದರೆ ಮೀನಿನದು ಮಾತ್ರವಲ್ಲ. ನೀರು ಮತ್ತು ಕರೆಂಟು ಅಕ್ಕಪಕ್ಕ ಇರುವ ಜಾಗ ಇದು. ಮಕ್ಕಳು ಕೈ ಹಾಕುವ ಜಾಗ. ಮನೆಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿಸಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿ ಹೋಗುವಂತಿರಲಿ, ಆಗ ವೈರಿನ ಮೇಲೆ ಜಾರಿದ ಹನಿ ಕೆಳಗೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡಿ. ದುಬಾರಿ ಮೀನು ಮಾರುವವರಲ್ಲಿ ಎಷ್ಟು ಜನ ಇಷ್ಟನ್ನಾದರೂ ಹೇಳುತ್ತಾರೆ?

ಇನ್ನು ನೀರು. ಊರು ಬಿಟ್ಟು ಊರಿಗೆ ಬಂದ ನಮಗೆ ಇದು ಗೊತ್ತಿರಲೇಬೇಕು, ಏಕೆಂದರೆ ನೀರಿನ ವ್ಯತ್ಯಾಸ ಮೊದಲು ನಮ್ಮ ಕೂದಲಿಗೆ, ಬೇಳೆ ಬೇಯುವುದಕ್ಕೆ ಗೊತ್ತಾಗುತ್ತದೆ. ಮುಂಬೈಗೆ ಜಲಾಶಯಗಳಿಂದ ಬರುವ ನೀರು ಮೆದು. ಚೆನ್ನೈ, ಹೈದರಾಬಾದ್‌ಗಳ ಎಷ್ಟೋ ಕಡೆ ಬೋರ್‌ವೆಲ್ ನೀರು ಗಡಸು. ಟ್ಯಾಂಕರಿನದಂತೂ ಈ ವಾರದಂತೆ ಮುಂದಿನ ವಾರ ಇರುವುದಿಲ್ಲ. ಹಾಗೆಂದು ಪಿಎಚ್ 6ಕ್ಕೆ ಇಳಿಸಬೇಕೆಂದು ದಿನಕ್ಕೊಂದು ರಾಸಾಯನಿಕ ಸುರಿಯುವವರನ್ನು ಕಂಡಿದ್ದೇನೆ. ನಮ್ಮಲ್ಲಿ ಮಾರುವ ಡಿಸ್ಕಸ್ ಬಹುಪಾಲು ತೊಟ್ಟಿಗಳಲ್ಲೇ ತಲೆಮಾರುಗಳಿಂದ ಬೆಳೆದವು. ಪಿಎಚ್ 7ರ ಆಸುಪಾಸಿನಲ್ಲಿ ಚೆನ್ನಾಗಿಯೇ ಬದುಕುತ್ತವೆ. ಅವನ್ನು ಕೊಲ್ಲುವುದು ನಿತ್ಯದ ಏರಿಳಿತ. ನೀರು ತೀರ ಗಡಸಾಗಿದ್ದರೆ ಆರ್‌ಒ ನೀರನ್ನು ಒಂದೇ ಪ್ರಮಾಣದಲ್ಲಿ ಬೆರೆಸುತ್ತ ಹೋಗಿ. ಬರೀ ಆರ್‌ಒ ನೀರು ಬೇಡ, ಅದರ ಪಿಎಚ್ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ಪಿಎಚ್ ಒಂದಂಕಿ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ, ಬಿಸಿ ಹೆಚ್ಚಿದಷ್ಟೂ ಇನ್ನೂ ಏರುತ್ತದೆ. ಬೆಚ್ಚಗಿನ, ಗಡಸು ನೀರಿನ, ಹದವಾಗದ ತೊಟ್ಟಿ! ನನ್ನ ಆರು ಮೀನುಗಳಿಗೆ ನಾನು ಕೊಟ್ಟಿದ್ದು ಅದನ್ನೇ.

ನೀರು ಬದಲಿಸುವುದು ವಾರಕ್ಕೊಮ್ಮೆ ಮೂರನೇ ಒಂದು ಪಾಲಾದರೂ ಆಗಬೇಕು, ಮರಿಗಳಿದ್ದರೆ ಇನ್ನೂ ಹೆಚ್ಚು. ಹೊಸ ನೀರಿನ ಕ್ಲೋರಿನ್ ತೆಗೆದು, ಹಳೆಯದರಷ್ಟೇ ಬೆಚ್ಚಗೆ ಮಾಡಿ ಹಾಕಬೇಕು. ಟ್ಯಾಂಕರಿಗಾಗಿ ಕಾಯುವ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೆ ನೂರು ಲೀಟರ್ ಮೀನಿಗೆ ಎತ್ತಿಡಬಲ್ಲಿರಾ? ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ, ಹಾಗಾಗಿ ವ್ಯರ್ಥವಲ್ಲ. ಆದರೂ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ. ಈ ಮೀನಿಗೆ ಹುಳು, ಸಿಗಡಿಯಂಥ ಮಾಂಸಾಹಾರ ಬೇಕು. ಕಾಳಿನಂತಿರುವ ಸಿದ್ಧ ಆಹಾರದಲ್ಲೂ ಸಾಮಾನ್ಯವಾಗಿ ಮೀನಿನ ಪುಡಿ ಇರುತ್ತದೆ. ಫ್ರೀಜರಿನಲ್ಲಿ ರಕ್ತಹುಳುವಿನ ಪೊಟ್ಟಣ ಇಡಲು ಮನೆಯವರು ಒಪ್ಪುತ್ತಾರೆಯೇ? ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗ ಏನು ಮಾಡುತ್ತೀರಿ? ದೀಪಾವಳಿಗೆ ಊರಿಗೆ ಹೋದಾಗ? ಆರೋಗ್ಯವಾದ ದೊಡ್ಡ ಮೀನು ನಾಲ್ಕೈದು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ಡಬ್ಬಿ ಬಗ್ಗಿಸಿ ಸುರಿದರೆ ಆಗುತ್ತದೆ. ಹೆಚ್ಚು ದಿನವಾದರೆ ಒಂದೊಂದು ಹೊತ್ತಿನದನ್ನು ಪೊಟ್ಟಣ ಕಟ್ಟಿಟ್ಟು ಹೋಗಿ.

"ಹೀಗೆಲ್ಲ ಹೆದರಿಸಿದರೆ ಯಾರೂ ಮೀನು ಸಾಕುವುದಿಲ್ಲ" ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಸಾಕದಿರಲಿ. ಬೇಡವೆಂದು ಬಿಟ್ಟವರಿಂದ ಯಾವ ಮೀನೂ ಸಾಯುವುದಿಲ್ಲ. ಇನ್ನೊಬ್ಬರು ಎದುರು ದಿಕ್ಕಿನಿಂದ ಬಂದರು: "ಅಮೆಜಾನಿನ ಜೀವಿಯನ್ನು ಗಾಜಿನಲ್ಲಿಡುವುದೇ ತಪ್ಪು." ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅದರ ತೂಕ ನನಗೆ ಗೊತ್ತು. ಆದರೆ ತೊಟ್ಟಿಯಲ್ಲೇ ಹುಟ್ಟಿ ಅಂಗಡಿಗೆ ಬಂದಿರುವ ಮೀನಿಗೆ ಹಿಂದಿರುಗಲು ನದಿಯಿಲ್ಲ. ಸಾಕಲಾರೆನೆಂದು ನಮ್ಮ ಕೆರೆಗೆ ಬಿಡುವುದು ಕೆರೆಗೂ ದ್ರೋಹ. ಸಾಕುವುದೇ ಆದರೆ ಹೇಗೆ ಎಂಬಷ್ಟು ಮಾತ್ರ ನನ್ನ ವಾದ.

ಎರಡನೇ ಸಲ ನಾನು ತೊಟ್ಟಿಯನ್ನು ನಲವತ್ನಾಲ್ಕು ದಿನ ಖಾಲಿ ಓಡಿಸಿದೆ. ಬಂದವರೆಲ್ಲ "ಮೀನೆಲ್ಲಿ?" ಎಂದು ಕೇಳಿದರು. "ನೀರು ಸಾಕ್ತಾ ಇದ್ದೀವಿ" ಎಂದು ಮಗಳೇ ಉತ್ತರ ಕೊಡತೊಡಗಿದಳು. ಟೆಸ್ಟ್ ಕಿಟ್ಟಿನ ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವಳ ಕೆಲಸವಾಯಿತು. ಈಗ ಆರು ಮೀನುಗಳಿಗೆ ಒಂದೂವರೆ ವರ್ಷ. ನಾವು ಹತ್ತಿರ ಹೋದರೆ ಮೂಲೆಗೆ ಓಡುವುದಿಲ್ಲ, ಗಾಜಿನ ಬಳಿಗೆ ಬರುತ್ತವೆ.

ನೀವು ಡಿಸ್ಕಸ್ ಕೊಳ್ಳಲು ಹೋದರೆ ಮಾರುವವರಿಗೆ ಒಂದೇ ಮಾತು ಹೇಳಿ ನೋಡಿ: "ಇವತ್ತು ತೊಟ್ಟಿ ಕೊಡಿ, ಮೀನಿಗೆ ಆರು ವಾರ ಬಿಟ್ಟು ಬರುತ್ತೇನೆ." ಸರಿ ಎಂದು ಖುಷಿಪಟ್ಟವರ ಬಳಿ ಮೀನು ಕೊಳ್ಳಿ. "ಅದೆಲ್ಲ ಬೇಡ ಸಾರ್, ಇವತ್ತೇ ಬಿಡಿ, ಏನೂ ಆಗಲ್ಲ" ಎಂದವರ ಅಂಗಡಿಯಿಂದ ಇಳಿದು ಬನ್ನಿ. ಮೀನು ಸತ್ತ ದಿನ ನಿಮ್ಮ ಮನೆಯ ಕಂಟಕ ಕಳೆಯಿತೆಂದು ಹೇಳುವವರೂ ಅವರೇ.