ಗಾಲಿಯ ಮೇಲೊಂದು ಮನೆ, ಘಟ್ಟದ ಮೇಲೊಂದು ದಿನ

ದೂರದ ಪ್ರಯಾಣ ಎಂದೊಡನೆ ನಮ್ಮ ಹೆಂಗಸರು ಮಾಡುವ ಮೊದಲ ಸಿದ್ಧತೆ ಯಾವುದು ಹೇಳಿ ನೋಡೋಣ? ಸೀರೆ ಮಡಿಚಿಡುವುದಲ್ಲ, ಬುತ್ತಿ ಕಟ್ಟುವುದೂ ಅಲ್ಲ. ನೀರು ಕುಡಿಯುವುದನ್ನು ನಿಲ್ಲಿಸುವುದು! ಹಿಂದಿನ ರಾತ್ರಿಯಿಂದಲೇ ಲೋಟ ದೂರ. ಬೆಳಗಿನ ಚಹಾ ಅರ್ಧ ಗುಟುಕು. ಗಂಡಸರಾದರೆ ಗಾಡಿ ನಿಲ್ಲಿಸಿ ಮರದ ಮರೆಗೆ ಹೋಗಿ ಬಂದಾರು. ನಾವು? ಬಾಯಿ ಒಣಗಿಸಿಕೊಂಡು, ತಲೆನೋವು ಬರಿಸಿಕೊಂಡು, ಊರು ಮುಟ್ಟುವುದನ್ನೇ ಕಾಯುತ್ತೇವೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಈ ಮಾತು ಈಗ ಏಕೆ ಬಂತೆಂದರೆ, ಕಳೆದ ಚಳಿಗಾಲದಲ್ಲಿ ನಮ್ಮ ಕೇಣಿಯ ಮನೆಯ ಅಂಗಳಕ್ಕೆ ಒಂದು ವಿಚಿತ್ರ ಗಾಡಿ ಬಂದು ನಿಂತಿತು. ಬೆಂಗಳೂರಿನಲ್ಲಿರುವ ಮೈದುನ ಬಾಡಿಗೆಗೆ ಹಿಡಿದು ತಂದ ಕ್ಯಾರವಾನ್. ಹೊರಗಿನಿಂದ ನೋಡಿದರೆ ಸಣ್ಣ ಬಸ್ಸು. ಒಳಗೆ ಮಲಗುವ ಮಂಚ, ಪುಟ್ಟ ಫ್ರಿಜ್ಜು, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಪಾಯಿಖಾನೆ! ಅಕ್ಕಪಕ್ಕದ ಮಕ್ಕಳೆಲ್ಲ ಒಳಹೊಕ್ಕು ನೋಡಿದ್ದೇ ನೋಡಿದ್ದು.

ಹಾಗೆ ನೋಡಿದರೆ ಗಾಲಿಯ ಮೇಲಿನ ಮನೆ ನಮಗೇನೂ ಹೊಸತಲ್ಲ. ಹಿಂದೆ ಎತ್ತಿನ ಗಾಡಿಗೆ ಕಮಾನು ಕಟ್ಟಿ, ಹುಲ್ಲಿನ ಮೇಲೆ ಜಮಖಾನೆ ಹಾಸಿ, ಅಕ್ಕಿಬೇಳೆ ಹೇರಿಕೊಂಡು ಜಾತ್ರೆಗೆ ಹೋಗುತ್ತಿರಲಿಲ್ಲವೇ? ಬಯಲುಸೀಮೆಯ ಹತ್ತಿ ಹೊತ್ತ ಗಾಡಿಗಳು ಘಟ್ಟ ಇಳಿದು ಕಾರವಾರ, ಕುಮಟಾ ಬಂದರಿಗೆ ಬರುತ್ತಿದ್ದ ಕಾಲದಲ್ಲಿ ಗಾಡಿಯವರಿಗೆ ದಾರಿಯ ಬದಿಯೇ ಅಡುಗೆಮನೆ, ಗಾಡಿಯ ಅಡಿಯೇ ಮಲಗುವ ಕೋಣೆ.

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಅವರ ತವರು ಹಳೆಯ ಸೂಪಾ. ಕಾಳಿ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, 1980ರ ದಶಕದಲ್ಲಿ ಆ ಊರು ನೀರಿನಡಿಗೆ ಹೋಯಿತು. ತಾಲೂಕಿನ ಕಚೇರಿಗಳೆಲ್ಲ ಜೋಯಿಡಾಕ್ಕೆ ಬಂದವು. ತವರಿನ ಜನ ದಿಕ್ಕಿಗೊಬ್ಬರಾದರು. ಇಪ್ಪತ್ತು ವರ್ಷಗಳಿಂದ ಅತ್ತೆ ಆ ಕಡೆಗೆ ಹೋದವರಲ್ಲ. ನಮ್ಮವರು ಕಾರು ಮಾಡಿಸುತ್ತೇನೆ ಎಂದಾಗಲೆಲ್ಲ, "ಬೇಡ ಮಾರಾಯಾ, ನೀರೊಳಗೆ ಹೋದ ಊರು ನೋಡೂಕೆ ಎಂತಾ ಉಂಟು?" ಎನ್ನುತ್ತಿದ್ದರು. ಈ ಸಲ ಕ್ಯಾರವಾನಿನ ಬಾಗಿಲಲ್ಲಿ ನಿಂತು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: "ಒಳಗೆ ಪಾಯಿಖಾನೆ ಉಂಟನೇ?"

"ಉಂಟು ಅತ್ತೆ."

"ಹಾಂಗಾರೆ ನಾನೂ ಬತ್ತೆ."

ಸೋದರಿಯರೇ, ಇಪ್ಪತ್ತು ವರ್ಷದ "ಬೇಡ"ದ ಗುಟ್ಟು ಇಷ್ಟೇ! ಮಂಡಿನೋವಿನಿಂದ ಕೂತು ಏಳಲಾಗದು, ಮೂತ್ರ ತಡೆಯಲಾಗದು, ಗಂಡುಮಕ್ಕಳ ಎದುರು ಹೇಳಲಾಗದು. ನಿಮ್ಮ ಮನೆಯ ಹಿರಿಯರೂ ಮದುವೆಗೆ, ಜಾತ್ರೆಗೆ "ಬೇಡ" ಎನ್ನುತ್ತಿದ್ದರೆ, ಕಾರಣವನ್ನು ಏಕಾಂತದಲ್ಲಿ ಕೇಳಿ ನೋಡಿ.

ಇನ್ನು ಒಲೆಯ ಸಂಗತಿ. ಹೊರಡುವ ಮುನ್ನವೇ ಮೈದುನ, "ಅತ್ತಿಗೇ, ಒಲೆ ಉಂಟಲ್ಲ, ದಾರಿಯಲ್ಲಿ ಬಿಸಿ ಬಿಸಿ ಪೂರಿ ಮಾಡಬಹುದು!" ಎಂದ. ಎಲ್ಲರೂ ಕಿಟಕಿಯಲ್ಲಿ ಕಾಡು ನೋಡುವಾಗ ನಾನು ಮತ್ತು ನೆಗೆಣ್ಣಿ ಎಣ್ಣೆಯ ಮುಂದೆ ನಿಲ್ಲಬೇಕು ಎಂದಾಯಿತಲ್ಲ! ಅಲ್ಲೇ ಕರಾರು ಹಾಕಿದೆ: ಒಲೆಯ ಮೇಲೆ ಚಹಾ ಮತ್ತು ಬಿಸಿನೀರು, ಎರಡೇ. ಊಟದ ಬುತ್ತಿ ಮನೆಯಿಂದ. ಲೋಟ ತೊಳೆಯುವುದು ಗಂಡಸರು. ಮೈದುನ ನಕ್ಕ, ಆದರೆ ತೊಳೆದ. ಅಡುಗೆಮನೆಯೂ ಬೆನ್ನಿಗೆ ಬಂದರೆ ಗೃಹಿಣಿಗೆ ರಜೆ ಎಲ್ಲಿಂದ ಬಂತು?

ಬೆಳಿಗ್ಗೆ ಆರಕ್ಕೆ ಕೇಣಿ ಬಿಟ್ಟೆವು. ಅಂಕೋಲೆಯಿಂದ ಕಾರವಾರಕ್ಕೆ ಮೂವತ್ತೈದು ಕಿಲೋಮೀಟರು. ಅಲ್ಲಿಂದ ಕಾಳಿ ನದಿಯನ್ನು ಎಡಕ್ಕಿಟ್ಟುಕೊಂಡು ಕದ್ರಾ ಕಡೆಗೆ. ಕದ್ರಾ ದಾಟಿದ ಮೇಲೆ ಅಣಶಿ ಘಟ್ಟ. ತಿರುವಿನ ಮೇಲೆ ತಿರುವು. ನೆಗೆಣ್ಣಿಯ ಮಗಳಿಗೆ ಹೊಟ್ಟೆ ತೊಳಸತೊಡಗಿದಾಗ ಅವಳನ್ನು ಮುಂದಿನ ಸೀಟಿಗೆ ಕೂರಿಸಿ, ದೂರದ ರಸ್ತೆ ನೋಡು ಎಂದು ಹೇಳಿ, ಬಾಯಿಗೊಂದು ಚೂರು ಶುಂಠಿ ಕೊಟ್ಟೆವು. ಸುಧಾರಿಸಿತು.

ಘಟ್ಟ ಹತ್ತಿದರೆ ಹುಲಿಯ ಕಾಡು. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದದ್ದು ಈಗ 'ಕಾಳಿ' ಎಂಬ ನದಿಯ ಹೆಸರಿನಲ್ಲೇ ಇದೆ. ಮೈಲುಗಟ್ಟಲೆ ಮನೆಯಿಲ್ಲ, ಅಂಗಡಿಯಿಲ್ಲ, ಎಷ್ಟೋ ಕಡೆ ಫೋನೂ ಸಿಗುವುದಿಲ್ಲ. 2011ರ ಜನಗಣತಿಯಂತೆ ಇಡೀ ಜೋಯಿಡಾ ತಾಲೂಕಿನ ಜನಸಂಖ್ಯೆ ಸುಮಾರು 52 ಸಾವಿರ ಮಾತ್ರ! ಕುಂಬಾರವಾಡಾ ದಾಟಿ ಜೋಯಿಡಾ ಮುಟ್ಟುವಾಗ ಹತ್ತೂವರೆ. ಅಲ್ಲಿ ಕುಣಬಿ ಹೆಂಗಸರು ಬೆಳೆಯುವ ಗೆಡ್ಡೆ-ಗೆಣಸು ಬಹಳ ಹೆಸರುವಾಸಿ. ಅದಕ್ಕೆಂದೇ ಮೇಳವೂ ನಡೆಯುತ್ತದೆ. ಒಂದು ಬುಟ್ಟಿ ಕೊಂಡೆವು.

ಗಣೇಶಗುಡಿಯ ಹತ್ತಿರ ಗಾಡಿ ನಿಲ್ಲಿಸಿದೆವು. ನೂರು ಮೀಟರಿಗೂ ಮಿಕ್ಕಿದ ಎತ್ತರದ ಅಣೆಕಟ್ಟು. ಈ ನೀರಿನಿಂದಲೇ ನಾಡಿನ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತದೆ, ಮಿಕ್ಸಿ ತಿರುಗುತ್ತದೆ. ಅತ್ತೆ ಮೆಟ್ಟಿಲಿಳಿದು ಬಂದು ಕೋಲೂರಿ ನಿಂತರು. ಅಳುತ್ತಾರೋ ಎಂದು ನಮಗೆಲ್ಲ ಅಳುಕು. ಅವರು ಅಳಲಿಲ್ಲ. ಅಣೆಕಟ್ಟೆಯ ಆಚೆಗೆ ಕೈ ತೋರಿಸಿ, ಸಂತೆ ಎಲ್ಲಿ ಕೂಡುತ್ತಿತ್ತು, ಹೊಳೆಗೆ ಯಾವ ದಾರಿಯಲ್ಲಿ ಇಳಿಯುತ್ತಿದ್ದರು, ತಮ್ಮ ಮನೆಯ ಬಾವಿಕಟ್ಟೆಗೆ ಎಷ್ಟು ಮೆಟ್ಟಿಲು ಎಂದು ಮೊಮ್ಮಗಳಿಗೆ ಹೇಳುತ್ತ ಹೋದರು. ನಾನು ಈ ಮನೆಗೆ ಬಂದು ಮೂವತ್ತು ವರ್ಷ. ಆ ಬಾವಿಯ ಸುದ್ದಿ ಕೇಳಿದ್ದು ಅಂದೇ ಮೊದಲು.

ದಾಂಡೇಲಿಯಲ್ಲಿ ಊಟ. ನಾಲ್ಕರ ಸುಮಾರಿಗೆ ಯಲ್ಲಾಪುರ, ಮುಂದೆ ಅರಬೈಲ್ ಘಟ್ಟದ ಇಳಿಜಾರು. ಇಳಿಯುವಾಗ ಡ್ರೈವರು ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲೇ ನಿಧಾನ ಇಳಿಸಿದ. ಬ್ರೇಕು ಕಾದರೆ ಹಿಡಿಯುವುದಿಲ್ಲವಂತೆ. ಸುಂಕಸಾಳ ದಾಟಿ ಮನೆ ಮುಟ್ಟುವಾಗ ಏಳು ಗಂಟೆ. ಅತ್ತೆ ಬಂದವರೇ, "ಇವತ್ತು ತಲೆನೋವೇ ಬರ್ಲಿಲ್ಲ ನೋಡು" ಎಂದರು. ಹೇಗೆ ಬಂದೀತು? ದಿನವಿಡೀ ಹೊಟ್ಟೆ ತುಂಬ ನೀರು ಕುಡಿದಿದ್ದರು!

ಕ್ಯಾರವಾನಿನ ಬಾಡಿಗೆ ನಮ್ಮಂಥವರ ಕೈಗೆ ದುಬಾರಿಯೇ. ಹತ್ತು ಜನ ಸೇರಿ ಟೆಂಪೋ ಮಾಡಿಕೊಂಡು ಹೋಗುವುದೇ ಹೆಚ್ಚು. ಯಾವ ಗಾಡಿಯಾದರೂ ಈ ಕೆಲವು ಮಾತು ನೆನಪಿರಲಿ:

● ನೀರು ಬಿಡಬೇಡಿ. ಮೂತ್ರ ಕಟ್ಟಿಕೊಂಡು ನೀರು ಕುಡಿಯದೆ ಕೂತರೆ ಉರಿಮೂತ್ರ, ಸೋಂಕು ತಪ್ಪಿದ್ದಲ್ಲ. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಿಸುವುದೆಂದು ಹೊರಡುವ ಮೊದಲೇ ಡ್ರೈವರಿಗೆ ಹೇಳಿಡಿ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗವಿದ್ದರೆ ಸಂಕೋಚವಿಲ್ಲದೆ ಕೀಲಿಕೈ ಕೇಳಿ.

● ಮಂಡಿನೋವಿನವರಿದ್ದರೆ ನಡುವೆ ತೂತಿರುವ ಕುರ್ಚಿ, ಒಂದು ಹಳೆ ಸೀರೆಯ ಪರದೆ, ಒಂದು ಕೊಡ ನೀರು ಜೊತೆಗಿರಲಿ.

● ವಾಂತಿಯಾದವರಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ. ಚಹಾದ ಚಮಚವೇ ಅಳತೆ.

● ಗಾಡಿಯಲ್ಲಿ ಗ್ಯಾಸ್ ಒಲೆ ಇದ್ದರೆ, ಓಡುವಾಗ ಹೊತ್ತಿಸಲೇಬಾರದು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ವಾಸನೆ ಬಂದರೆ ಬಾಗಿಲು ತೆರೆದು ಎಲ್ಲರೂ ಇಳಿಯಿರಿ.

● ಮಳೆಗಾಲದಲ್ಲಿ ಘಟ್ಟದ ಪ್ರವಾಸ ಬೇಡ. 2024ರ ಜುಲೈ 16ರಂದು ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಚಹಾದಂಗಡಿಯೇ ಕೊಚ್ಚಿಹೋದದ್ದನ್ನು ಮರೆಯಲಾದೀತೇ? ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ.

● ಹುಲಿಯ ಕಾಡಿನಲ್ಲಿ ಬುತ್ತಿ ಬಿಚ್ಚುವುದು, ಮಂಗಗಳಿಗೆ ಹಾಕುವುದು ಬೇಡ. ಊರು ಸಿಕ್ಕ ಮೇಲೆ ಉಣ್ಣಿ. ಎಲೆ, ಪ್ಲಾಸ್ಟಿಕ್ಕು ಮನೆಗೇ ವಾಪಸು ಬರಲಿ.

ಸಂಜೆಯವರೆಗೂ ಹಳಸದ ಹುಳಿ ಅವಲಕ್ಕಿ: ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿ ಮಾಡಿ. ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಕದಡಿ, ಅವಲಕ್ಕಿಗೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಒಣಮೆಣಸು, ಕರಿಬೇವು, ಇಂಗು ಹಾಕಿ ಒಗ್ಗರಣೆ ಮಾಡಿ, ಅವಲಕ್ಕಿ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಹಸಿ ತೆಂಗಿನಕಾಯಿ ಮಾತ್ರ ಹಾಕಬೇಡಿ, ಬಿಸಿಲಿಗೆ ಕೆಡುತ್ತದೆ. ಜೊತೆಗೆ ಒಂದು ಬಾಟಲಿ ಮುರುಗಲು ಪಾನಕವಿದ್ದರೆ ಘಟ್ಟದ ದಾರಿ ಹಗುರ.

ನಿಮ್ಮೂರಿನ ದಾರಿಯಲ್ಲಿ ಹೆಂಗಸರು ನಿಶ್ಚಿಂತೆಯಿಂದ ಇಳಿಯಬಹುದಾದ ಶುಚಿಯಾದ ಜಾಗಗಳು ಯಾವುವು? ಬರೆದು ತಿಳಿಸಿ. ಒಬ್ಬರು ಬರೆದದ್ದು ಇನ್ನೊಬ್ಬರ ಅತ್ತೆಗೆ, ತಾಯಿಗೆ ದಾರಿಯಾದೀತು.