ಮೈಲೇಜ್ ಒಂದೇ ಲೆಕ್ಕವಲ್ಲ

ದೆಹಲಿಯಿಂದ ಹಳೆಯ ಬಿಎಂಡಬ್ಲ್ಯು 320ಡಿ ತಂದರೆ ಸ್ವಿಫ್ಟ್ ಬೆಲೆಗೆ ರಾಜವೈಭೋಗ, ಡೀಸೆಲ್ ಆದ್ದರಿಂದ ಖರ್ಚೂ ಕಮ್ಮಿ ಎಂಬ ಲೇಖನವೊಂದರ ಲೆಕ್ಕ ಅರ್ಧಕ್ಕೇ ನಿಂತಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಅಲ್ಲಿ ನಿರ್ಬಂಧ ಬಂದದ್ದರಿಂದಲೇ ಬೆಲೆ ಬಿತ್ತು. ಇಲ್ಲಿ ಬೆಳಗಾವಿ ಕಡೆಗೆ ತಂದರೆ ಎನ್‌ಒಸಿ, ಮರುನೋಂದಣಿ, ಆಜೀವ ತೆರಿಗೆ. ಲೇಖನದಲ್ಲಿ ಇವುಗಳ ಸುದ್ದಿಯೇ ಇಲ್ಲ!

ಯಮಕನಮರಡಿಯಿಂದ ಹೆದ್ದಾರಿ ಹಿಡಿದು ಬೆಳಗಾವಿಗೆ ಹೋದರೆ ಮೈಲೇಜ್ ಸಿಗುತ್ತದೆ, ಒಪ್ಪೋಣ. ಆದರೆ ಈ ಕಾರಿನಲ್ಲಿರುವ, 2007ರಲ್ಲಿ ಬಂದ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಇರುವುದು ಹಿಂಬದಿಗೆ, ಗೇರ್‌ಬಾಕ್ಸ್ ಪಕ್ಕ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಅಲ್ಲಿಗೆ ಕಿವಿಗೊಡಿ. ಗರಗರ ಸದ್ದು ಕೇಳಿದರೆ ಚೈನ್ ಬದಲಿಸಬೇಕು; ಅದರ ಬೆಲೆಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಭಾರ. ಟರ್ಬೊ, ಇಂಜೆಕ್ಟರ್ ಖರ್ಚು ಬೇರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ತೆವಳಲು ಇಷ್ಟು ಶಕ್ತಿ ಯಾಕೋ! ಬೇಕೇ ಬೇಕೆಂದರೆ ಸರ್ವಿಸ್ ದಾಖಲೆ ಇಲ್ಲದ ಗಾಡಿಗೆ ಮುಂಗಡ ಕೊಡಬೇಡಿ.